ತೂಬಿನ ಫೈಲು ಹಿಡಿದು ನಾಲ್ಕು ದಿನ

ಸೋಮವಾರ

ತುಮಕೂರು ದಾಟುವುದರೊಳಗೆ ನೀರುಗಂಟಿ ತಾತ ಮೂರು ಸಲ ಕೇಳಿದ್ದರು. "ಫೈಲು ತಂದಿದೀಯೇನಪ್ಪಾ?" ತಂದಿದ್ದೆ. ತೊಡೆ ಮೇಲೇ ಇತ್ತು. ಆದರೂ ಅವರು ಕೇಳಿದಾಗಲೆಲ್ಲ ದಾರ ಬಿಚ್ಚಿ ತೋರಿಸಿ ಮತ್ತೆ ಕಟ್ಟುತ್ತಿದ್ದೆ.

ಹೊರಟವರು ಮೂವರು. ತಾತನ ಮನೆತನದವರು ತಲೆಮಾರುಗಳಿಂದ ನಮ್ಮೂರ ದೊಡ್ಡ ಕೆರೆಯ ನೀರುಗಂಟಿಗಳು. ಕೆರೆ ನೀರು ಹೊರಗೆ ಬಿಡುವ ತೂಬು ಎತ್ತುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ಹೇಳುವುದು, ಸುಗ್ಗಿಯಲ್ಲಿ ಕಣಕ್ಕೆ ಹೋಗಿ ತಮ್ಮ ಪಾಲು ಅಳೆಸಿಕೊಳ್ಳುವುದು ಅವರ ಕೆಲಸ. ಈಗ ಅಳೆದು ಕೊಡುವವರಿಲ್ಲ, ಹೆಸರು ಮಾತ್ರ ಉಳಿದಿದೆ. ಎರಡನೆಯವರು ಗ್ರಾಮ ಪಂಚಾಯತಿ ಸದಸ್ಯೆ. ಊರಿಗೆಲ್ಲ ಮೆಂಬರಕ್ಕ. ಮೂರನೆಯವನು ನಾನು. ಹೋಬಳಿಯ ಬಸ್ ಸ್ಟ್ಯಾಂಡ್ ಪಕ್ಕ ಜೆರಾಕ್ಸ್ ಅಂಗಡಿ ಇಟ್ಟಿದ್ದೇನೆ. ಪಹಣಿ, ಆಧಾರ್, ಅರ್ಜಿ, ಮನವಿ ಪತ್ರ ಎಲ್ಲ ಅಲ್ಲೇ ಆಗುತ್ತದೆ. ಸುತ್ತಲಿನ ಹತ್ತು ಹಳ್ಳಿಯವರು ಸರ್ಕಾರದ ಜೊತೆ ಮಾತಾಡುವುದೇ ನನ್ನ ಕೀಬೋರ್ಡಿನಿಂದ ಅಂತ ಹೇಳಿಕೊಂಡು ತಿರುಗುತ್ತಿದ್ದೆ. ಈ ಪ್ರವಾಸ ಆದಮೇಲೆ ಆ ಮಾತನ್ನು ಸ್ವಲ್ಪ ಕಮ್ಮಿ ಮಾಡಿದ್ದೇನೆ.

ಕೆರೆಯ ಮೇಲಿನ ತೂಬು ಒಡೆದು ಆರು ವರ್ಷ ಆಯಿತು. ಮಳೆ ಬಂದು ಕೆರೆ ತುಂಬಿದರೂ ನೀರು ನಿಲ್ಲುವುದಿಲ್ಲ. ತಾತ ಮತ್ತು ಅವರ ಮಗ ತೂಬಿನ ಬಾಯಿಗೆ ಮರಳಿನ ಮೂಟೆ ಒತ್ತುತ್ತಾರೆ, ಟಾರ್ಪಾಲು ತುರುಕುತ್ತಾರೆ. ಹದಿನೈದು ದಿನ ತಡೆಯುತ್ತದೆ. ಆಮೇಲೊಂದು ರಾತ್ರಿ ಮೂಟೆ ಕೊಚ್ಚಿಕೊಂಡು ಹೋಗಿ, ಬೆಳಗ್ಗೆ ನೋಡಿದರೆ ಬೇಡದ ಕಾಲದಲ್ಲಿ ಬೇಡದ ಗದ್ದೆಯಲ್ಲಿ ಮೊಣಕಾಲುದ್ದ ನೀರು. ಜನವರಿಗೆ ಕೆರೆ ಖಾಲಿ.

ಫೈಲಿನಲ್ಲಿ ಹನ್ನೊಂದು ಮನವಿ ಪತ್ರಗಳ ಪ್ರತಿ, ತೂಬಿನ ಫೋಟೊಗಳು, ಪಂಚಾಯತಿ ನಡಾವಳಿಯ ನಕಲು ಇದ್ದವು. ಕೊನೆಯಲ್ಲಿ ಒಂದು ಕರಪತ್ರ. 2023ರ ಮೇ ತಿಂಗಳ ಚುನಾವಣೆಯಲ್ಲಿ ನಮ್ಮ ಶಾಸಕರು ಹಂಚಿದ್ದು. 'ಕ್ಷೇತ್ರಕ್ಕೆ ನನ್ನ ಆದ್ಯತೆಗಳು' ಅಂತ ತಲೆಬರಹ, ಕೆಳಗೆ ಐದು ಅಂಶ. ಮೊದಲನೆಯದೇ ಕೆರೆಗಳು. ಎರಡು ರಸ್ತೆ, ಮೂರು ಹಾಸ್ಟೆಲು ಮತ್ತು ಶಾಲೆ, ನಾಲ್ಕು ಆಸ್ಪತ್ರೆ, ಐದು ಯುವಕರಿಗೆ ಉದ್ಯೋಗ. ಫೈಲಿನ ಎಲ್ಲ ಹಾಳೆಗಳಿಗೂ ಒಂದು ಗುರುತಿದೆ. ನನ್ನ ಮೆಷಿನ್ನಿನ ಡ್ರಮ್ ಹೋಗಿರುವುದರಿಂದ ಎಡಗಡೆ ಮೇಲಿಂದ ಕೆಳಗೆ ಒಂದು ಕಪ್ಪು ಗೆರೆ ಬೀಳುತ್ತದೆ. ಹೊಸ ಡ್ರಮ್ ಹಾಕಿಸಬೇಕು ಅಂದುಕೊಂಡೇ ಒಂದು ವರ್ಷ ಆಗಿದೆ.

ಬಸ್ಸಿನಲ್ಲಿ ಮೆಂಬರಕ್ಕನಿಗೆ ಶಕ್ತಿ ಯೋಜನೆಯ ಜೀರೊ ಟಿಕೆಟ್. ನನಗೂ ತಾತನಿಗೂ ದುಡ್ಡು ಕೊಟ್ಟು ಟಿಕೆಟ್. "ನೋಡ್ರೋ, ವಿಧಾನಸೌಧಕ್ಕೆ ನಾನು ಫ್ರೀಯಾಗಿ ಹೋಗ್ತಿದೀನಿ" ಅಂತ ಅಕ್ಕ ನೆಲಮಂಗಲದವರೆಗೂ ರೇಗಿಸಿದರು.

ಮೆಜೆಸ್ಟಿಕ್‌ನಲ್ಲಿ ಇಳಿದಾಗ ಮಧ್ಯಾಹ್ನ. ನಾನು ಸುಮ್ನೆ ಇರಲಾರದೆ ತಾತನಿಗೆ ಹೇಳಿದೆ, ಈ ಬಸ್ ಸ್ಟ್ಯಾಂಡ್ ಇರುವ ಜಾಗ ಮೊದಲು ಕೆರೆಯಾಗಿತ್ತು, ಧರ್ಮಾಂಬುಧಿ ಕೆರೆ ಅಂತ. ತಾತ ನಿಂತುಬಿಟ್ಟರು. ಪ್ಲಾಟ್‌ಫಾರಂ ನಡುವೆ, ಜನ ಎರಡೂ ಕಡೆಯಿಂದ ತಳ್ಳುತ್ತಿದ್ದಾರೆ, ಇವರು ಕೈ ಹಣೆಗೆ ಹಿಡಿದು ನಾಲ್ಕೂ ದಿಕ್ಕು ನೋಡುತ್ತಿದ್ದಾರೆ. "ಏರಿ ಯಾವ ಕಡೆ ಇತ್ತು?" ಪಕ್ಕದಲ್ಲಿ ಒಂದು ರಸ್ತೆಗೆ ಈಗಲೂ ಟ್ಯಾಂಕ್ ಬಂಡ್ ರಸ್ತೆ ಅಂತಲೇ ಹೆಸರಿದೆ, ಅಂದರೆ ಏರಿ ರಸ್ತೆ ಅಂದೆ. "ಹಂಗಾದ್ರೆ ತೂಬು?" ಅದು ನನಗೆ ಗೊತ್ತಿರಲಿಲ್ಲ. ಮೆಟ್ರೊ ಮೆಟ್ಟಿಲು ಇಳಿಯುವಾಗಲೂ ತಾತ ನೆಲದ ಇಳಿಜಾರು ಯಾವ ಕಡೆಗಿದೆ ಅಂತಲೇ ನೋಡುತ್ತಿದ್ದರು.

ಮೆಜೆಸ್ಟಿಕ್‌ನಿಂದ ವಿಧಾನಸೌಧಕ್ಕೆ ಮೆಟ್ರೊದಲ್ಲಿ ಎರಡನೇ ಸ್ಟಾಪು. ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಮುಗಿಯಿತು. ಅಲ್ಲಿಂದ ನಡೆದೇ ಶಾಸಕರ ಭವನಕ್ಕೆ ಹೋದೆವು. ಅಲ್ಲಿ ಓಡಾಡುವವರೆಲ್ಲ ಅದನ್ನು ಕರೆಯುವುದು ಎಲ್‌ಎಚ್ ಅಂತ. ಗೇಟಿನಲ್ಲಿ ಹೆಸರು, ಊರು ಬರೆಸಿದೆವು. ನಮ್ಮ ಶಾಸಕರ ಹೆಸರಿನ ರೂಮಿನಲ್ಲಿ ಆಗಲೇ ಏಳು ಜನ ಇದ್ದರು. ಎಲ್ಲರೂ ನಮ್ಮ ಕ್ಷೇತ್ರದವರೇ. ಇಬ್ಬರು ಆಸ್ಪತ್ರೆ ಕೆಲಸಕ್ಕೆ ಬಂದವರು, ಒಬ್ಬ ಇಂಟರ್‌ವ್ಯೂಗೆ ಬಂದವನು, ಮಿಕ್ಕವರು ಬಂದ ಕಾರಣ ಹೇಳಲಿಲ್ಲ. ಮೆಂಬರಕ್ಕ ಶೇಷಾದ್ರಿಪುರದ ತಮ್ಮ ನಾದಿನಿ ಮನೆಗೆ ಹೋದರು. ನಾವು ಚಾಪೆ ಹಾಸಿಕೊಂಡೆವು. ತಾತ ಫೈಲನ್ನೇ ತಲೆದಿಂಬು ಮಾಡಿಕೊಂಡರು.

ಮಂಗಳವಾರ

ಶಾಸಕರು ಏಳಕ್ಕೆಲ್ಲ ಸಿಗುತ್ತಾರೆ, ಆಮೇಲೆ ಅಧಿವೇಶನ, ಸಿಗಲ್ಲ ಅಂತ ಅವರ ಪಿಎ ಹೇಳಿದ್ದರು. ನಾವು ಅವರ ಮನೆ ಮುಂದೆ ಆರೂವರೆಗೇ ನಿಂತೆವು. ನಮಗಿಂತ ಮುಂಚೆ ಇಪ್ಪತ್ತು ಜನ ಇದ್ದರು.

ಕಾಯುವುದು ಬಿಟ್ಟರೆ ಬೇರೆ ಕೆಲಸ ಇಲ್ಲದ್ದರಿಂದ ನಾನು ಎಣಿಸಿದೆ. ಏಳರಿಂದ ಒಂಬತ್ತರವರೆಗೆ ನಲವತ್ತೊಂದು ಜನ. ಅವರಲ್ಲಿ ಮದುವೆ ಕರೆಯೋಲೆ ಹಿಡಿದವರು ಆರು ಮಂದಿ. ವರ್ಗಾವಣೆಗೆ ಲೆಟರ್ ಬೇಕೆಂದವರು ಒಂಬತ್ತು. ದೇವಸ್ಥಾನದ ಗೋಪುರಕ್ಕೆ ಅಂತ ಎರಡು ಕಮಿಟಿ, ಒಂದೇ ಊರಿನವು, ಒಬ್ಬರನ್ನೊಬ್ಬರು ನೋಡದ ಹಾಗೆ ನಿಂತಿದ್ದವು. ಒಬ್ಬ ತಾಯಿ ಮಗನ ಕಿಡ್ನಿ ಆಪರೇಷನ್ನಿನ ಎಸ್ಟಿಮೇಟ್ ಹಿಡಿದು, ಮುಖ್ಯಮಂತ್ರಿ ಪರಿಹಾರ ನಿಧಿಗೆ ಶಿಫಾರಸು ಕೇಳಲು ಬಂದಿದ್ದರು. ಸೈಟಿನ ಜಗಳ, ಅಣ್ಣತಮ್ಮಂದಿರ ಪಾಲಿನ ಜಗಳ, ಪೊಲೀಸ್ ಸ್ಟೇಷನ್ನಿಗೆ ಒಂದು ಫೋನು. ಸುಮ್ಮನೆ ಫೋಟೊ ತೆಗೆಸಿಕೊಳ್ಳಲು ಬಂದ ಮೂವರು ಹುಡುಗರು. ಶಾಸನ ಮಾಡುವವರು ಶಾಸಕರು ಅಂತ ಶಾಲೆಯಲ್ಲಿ ಓದಿದ್ದು. ಆ ನಲವತ್ತೊಂದು ಜನರಲ್ಲಿ ಯಾವುದಾದರೂ ಕಾನೂನಿನ ಬಗ್ಗೆಯೋ ಬಜೆಟ್ ಬಗ್ಗೆಯೋ ಮಾತಾಡಿದವರು ಒಬ್ಬರೂ ಇಲ್ಲ. ನಮ್ಮನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.

1881ರಲ್ಲಿ ಮೈಸೂರಿನಲ್ಲಿ ದಿವಾನ್ ರಂಗಾಚಾರ್ಲು ಪ್ರಜಾ ಪ್ರತಿನಿಧಿ ಸಭೆ ಶುರು ಮಾಡಿದಾಗ ತಾಲೂಕುಗಳಿಂದ ರೈತರು, ವ್ಯಾಪಾರಿಗಳು ಬರುತ್ತಿದ್ದರಂತೆ. ದಿವಾನರ ಮುಂದೆ ಅಹವಾಲು ಹೇಳಿಕೊಳ್ಳಬಹುದಿತ್ತು, ಕಾನೂನು ಮಾಡುವ ಅಧಿಕಾರ ಇರಲಿಲ್ಲ. ವಿಧಾನಸಭೆ ಎಲ್ಲಿಂದೆಲ್ಲಿಗೋ ಬಂದಿದೆ. ಶಾಸಕರ ಮನೆಯ ವರಾಂಡ ಮಾತ್ರ ಇನ್ನೂ 1881ರಲ್ಲೇ ಇದೆ ಅನ್ನಿಸಿತು ನನಗೆ. ಕರಪತ್ರದಲ್ಲಿ ಆದ್ಯತೆ ಏನೇ ಇರಲಿ, ದಿನದ ಆದ್ಯತೆ ಬರೆಯುವುದು ಬೆಳಗ್ಗೆ ಏಳಕ್ಕೆ ಆ ವರಾಂಡದಲ್ಲಿ ನಿಂತವರು.

ನಮ್ಮ ಸರದಿ ಬಂದಾಗ ಶಾಸಕರು ಕಾಫಿ ಲೋಟ ಕೈಯಲ್ಲೇ ಹಿಡಿದು ನಿಂತಿದ್ದರು. ಕಾಫಿ ಆರಿ ಕೆನೆ ಕಟ್ಟಿತ್ತು. ಒಂದು ಗುಟುಕೂ ಕುಡಿದಂತೆ ಕಾಣಲಿಲ್ಲ. ಫೈಲು ತೆಗೆದುಕೊಂಡು ಹಾಳೆ ತಿರುಗಿಸಿದರು. ಫೋಟೊ ನೋಡಿದರು. ಕೊನೆಯಲ್ಲಿ ಕರಪತ್ರ ಸಿಕ್ಕಿತು. ಅವರದೇ ಮುಖ, ಅದರ ಕಿವಿ ಪಕ್ಕದಲ್ಲೇ ನನ್ನ ಮೆಷಿನ್ನಿನ ಕಪ್ಪು ಗೆರೆ.

"ಇದನ್ನ ಇನ್ನೂ ಇಟ್ಕೊಂಡಿದೀರಾ?"

"ಇಟ್ಕೊಂಡಿದೀವಿ ಸಾರ್" ಅಂದರು ಮೆಂಬರಕ್ಕ. ದನಿಯಲ್ಲಿ ಸಿಟ್ಟೂ ಇರಲಿಲ್ಲ, ನಗುವೂ ಇರಲಿಲ್ಲ. ಪಂಚಾಯತಿ ಮೀಟಿಂಗಿನಲ್ಲಿ ಲೆಕ್ಕ ಕೇಳುವಾಗಲೂ ಅವರು ಹೀಗೇ.

ಶಾಸಕರು ಕುರ್ಚಿ ಎಳೆದು ಕೂತರು. ತಾತನನ್ನೂ ಕೂರಿಸಿದರು. ಅಷ್ಟು ಹೊತ್ತು ಒಬ್ಬೊಬ್ಬರಿಗೆ ಅರ್ಧ ನಿಮಿಷ ಕೊಟ್ಟಿದ್ದವರು ನಮಗೆ ಹತ್ತು ನಿಮಿಷ ಕೊಟ್ಟರು. ಅದು ಕರಪತ್ರದ ಮಹಿಮೆಯೋ ತಾತನ ವಯಸ್ಸಿನದೋ ಗೊತ್ತಿಲ್ಲ.

ಮೊದಲು ತಮ್ಮ ಕಷ್ಟ ಹೇಳಿದರು. ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ಅಂತ ವರ್ಷಕ್ಕೆ 2 ಕೋಟಿ ರೂಪಾಯಿ. ಅದನ್ನೂ ಅವರು ಕೈಯಾರೆ ಖರ್ಚು ಮಾಡುವಂತಿಲ್ಲ. ಅವರು ಕಾಮಗಾರಿ ಸೂಚಿಸಬೇಕು, ಮಂಜೂರು ಮಾಡುವುದು ಜಿಲ್ಲಾಧಿಕಾರಿ. "ಕ್ಷೇತ್ರದಲ್ಲಿ ಇನ್ನೂರು ಹಳ್ಳಿ ಅಂತ ಇಟ್ಕೊಳ್ಳಿ. ಹಳ್ಳಿಗೆ ಒಂದು ಲಕ್ಷ. ಒಂದು ಲಕ್ಷದಲ್ಲಿ ಚರಂಡಿ ಅರ್ಧ ಆಗುತ್ತೆ. ತೂಬು ಆಗಲ್ಲ. ತೂಬಿಗೆ ಇಲಾಖೆ ದುಡ್ಡೇ ಬೇಕು." ಇದು ನಮಗೂ ಗೊತ್ತಿತ್ತು. ಆದರೆ ಮುಂದಿನ ಪ್ರಶ್ನೆ ನಾವು ಎಣಿಸಿರಲಿಲ್ಲ.

"ಅಚ್ಚುಕಟ್ಟು ಎಷ್ಟು?"

ಅಂದರೆ ಕೆರೆ ನೀರು ಹರಿಯುವ ಒಟ್ಟು ಜಮೀನು. ನಾನು ಅಕ್ಕನ ಮುಖ ನೋಡಿದೆ. ಅಕ್ಕ ನನ್ನ ಮುಖ ನೋಡಿದರು.

"ಅಲ್ರೀ, ಹನ್ನೊಂದು ಮನವಿ ಕೊಟ್ಟಿದೀರಿ. ಒಂದರಲ್ಲೂ ಅಚ್ಚುಕಟ್ಟು ಬರೆದಿಲ್ಲ. 40 ಹೆಕ್ಟೇರ್‌ಗಿಂತ ಕಮ್ಮಿ ಇದ್ರೆ ಕೆರೆ ಪಂಚಾಯತಿ ಕಡೆಗೆ ಬರುತ್ತೆ. ಜಾಸ್ತಿ ಇದ್ರೆ, 2000 ಹೆಕ್ಟೇರ್‌ವರೆಗೂ, ಸಣ್ಣ ನೀರಾವರಿ ಇಲಾಖೆ. ನಿಮ್ಮ ಕೆರೆ ಯಾರದ್ದು ಅಂತ ಗೊತ್ತಿಲ್ದೆ ನಾನು ಯಾರನ್ನ ಕೇಳಲಿ?"

ಆ ಹನ್ನೊಂದನ್ನೂ ಬರೆದವನು ನಾನು. 'ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಮ್ರವಾಗಿ ಕೋರಿಕೊಳ್ಳುವುದೇನೆಂದರೆ' ಅಂತ ಶುರು, 'ತಮ್ಮ ದಯೆಗೆ ಚಿರಋಣಿಗಳು' ಅಂತ ಕೊನೆ. ಮಧ್ಯೆ ರೈತರ ಗೋಳು ಒಂದು ಪುಟ. ನೋಡಲು ಚೆನ್ನಾಗಿತ್ತು. ತೂಬಿನ ಬಗ್ಗೆ ಓದಿದರೆ ಕಣ್ಣಲ್ಲಿ ನೀರು ಬರಬೇಕು, ಹಾಗೆ ಬರೆದಿದ್ದೆ. ಪ್ರತಿ ಸಲ ತಾರೀಖು ಮಾತ್ರ ಬದಲಾಯಿಸಿ ಪ್ರಿಂಟ್ ಕೊಡುತ್ತಿದ್ದೆ.

ಅಷ್ಟರಲ್ಲಿ ತಾತ ಬಾಯಿ ಬಿಟ್ಟರು. "ಮೇಲಿನ ತೂಬಿಗೆ ಮೂವತ್ತು ಖಂಡುಗ ಸ್ವಾಮಿ. ಕೆಳಗಿನದಕ್ಕೆ ಇಪ್ಪತ್ತು."

"ಖಂಡುಗ ಅಂದ್ರೆ?"

"ಬೀಜವರಿ ಸ್ವಾಮಿ. ಎಷ್ಟು ಬೀಜ ಬಿತ್ತಬಹುದೋ ಅಷ್ಟು ಭೂಮಿ. ಗದ್ದೆ ಆದ್ರೆ ಒಂದು ಖಂಡುಗಕ್ಕೆ ಎರಡು ಎಕರೆ ಮೇಲೆ ಚೂರು ಬರುತ್ತೆ."

ಶಾಸಕರು ನಗಲಿಲ್ಲ. ಅದು ನನಗೆ ಇಷ್ಟವಾಯಿತು. ಜೇಬಿನಿಂದ ಪೆನ್ನು ತೆಗೆದು ನಮ್ಮ ಫೈಲಿನ ರಟ್ಟಿನ ಮೇಲೇ '30+20' ಅಂತ ಬರೆದುಕೊಂಡರು. "ಯಜಮಾನ್ರೇ, ನಿಮ್ಮ ಲೆಕ್ಕ ಸರಿ ಇರಬಹುದು. ಆದ್ರೆ ನಂಗೆ ಕಾಗದ ಬೇಕು. ದಾಖಲೆ ತಗೊಂಡು ಗುರುವಾರ ಬನ್ನಿ. ತೂಬು ಈ ಬೇಸಿಗೆಯೊಳಗೆ ಆಗುತ್ತೆ ಅಂತ ನಾನು ಹೇಳಲ್ಲ. ಕಾಗದ ಸರಿಯಾದ ಟೇಬಲ್‌ಗೆ ಹೋಗುತ್ತೆ, ಅದನ್ನ ಹೇಳ್ತೀನಿ." ಲೋಟ ಕೆಳಗಿಟ್ಟು ಎದ್ದರು. ಗೋಪುರದ ಎರಡನೇ ಕಮಿಟಿ ಆಗಲೇ ನಮ್ಮನ್ನು ಸರಿಸಿಕೊಂಡು ಮುಂದೆ ಬಂದಿತ್ತು.

ಹೊರಗೆ ಬಂದು ಮೆಂಬರಕ್ಕ ನಮ್ಮ ಗ್ರಾಮ ಆಡಳಿತಾಧಿಕಾರಿಗೆ ಫೋನು ಹಚ್ಚಿದರು. ಹಳೇ ರಿಜಿಸ್ಟರ್ ನೋಡಬೇಕು, ನಾಳೆ ಅಂದರು. ಸರಿ, ನಾಳೆ. ಇಂದಿರಾ ಕ್ಯಾಂಟೀನಿನಲ್ಲಿ ಹತ್ತು ರೂಪಾಯಿಗೆ ಅನ್ನ ಸಾಂಬಾರ್ ತಿಂದು ಕಬ್ಬನ್ ಪಾರ್ಕಿನಲ್ಲಿ ಮರದ ಕೆಳಗೆ ಮಲಗಿದೆವು. ನಿದ್ದೆ ಬರುವ ಮುಂಚೆ ನಾನು ಕೇಳಿದೆ, "ತಾತ, ಈ ಖಂಡುಗದ ಲೆಕ್ಕ ನನಗ್ಯಾಕೆ ಇಷ್ಟು ವರ್ಷ ಹೇಳ್ಲಿಲ್ಲ?"

"ನೀನು ಕೇಳ್ಲಿಲ್ವಲ್ಲಪ್ಪ" ಅಂದು ಟವೆಲ್ಲು ಮುಖದ ಮೇಲೆ ಎಳೆದುಕೊಂಡರು.

ಬುಧವಾರ

ಪಿಎ ಗ್ಯಾಲರಿ ಪಾಸ್ ಮಾಡಿಸಿ ಕೊಟ್ಟಿದ್ದರು. ಕಾಗದ ಬರುವವರೆಗೆ ಸದನನಾದರೂ ನೋಡೋಣ ಅಂತ ಹೊರಟೆವು.

ಬೆಳಗ್ಗೆ ಅಂಬೇಡ್ಕರ್ ವೀದಿಯಲ್ಲಿ ನಿಂತರೆ ಒಂದು ಕಡೆ ಬೂದು ಕಲ್ಲಿನ ವಿಧಾನಸೌಧ, ಎದುರಿಗೆ ಕೆಂಪು ಬಣ್ಣದ ಹೈಕೋರ್ಟು. ಕೆಂಪು ಕಟ್ಟಡ ಹಳೆಯದು, 1868ರದ್ದು. ಒಂದು ಕಾಲಕ್ಕೆ ಹದಿನೆಂಟು ಇಲಾಖೆಗಳು ಅಲ್ಲಿದ್ದವು, ಅದಕ್ಕೇ ಅಠಾರಾ ಕಚೇರಿ ಅಂತ ಹೆಸರು. ವಿಧಾನಸೌಧಕ್ಕೆ ನೆಹರೂ ಅಡಿಗಲ್ಲು ಹಾಕಿದ್ದು 1951ರ ಜುಲೈ 13ರಂದು. ಆಮೇಲೆ ಮುಖ್ಯಮಂತ್ರಿಯಾದ ಕೆಂಗಲ್ ಹನುಮಂತಯ್ಯನವರು ಹಟ ಹಿಡಿದು ಈ ರೂಪಕ್ಕೆ ತಂದರು. ಕಟ್ಟಿದ ಕೆಲಸಗಾರರಲ್ಲಿ ಜೈಲಿನ ಕೈದಿಗಳೂ ಇದ್ದರು. 1956ಕ್ಕೆ ಮುಗಿಯಿತು. ಮುಂಭಾಗದ ಹನ್ನೆರಡು ಕಂಬಗಳು ಒಂದೊಂದೂ ನಲವತ್ತಡಿ. ತಾತ ಕಂಬಗಳ ಕಡೆ ನೋಡಲೇ ಇಲ್ಲ. ಕಲ್ಲಿಗೆ ಕಲ್ಲು ಕೂರಿಸಿರುವ ಸಂದು ನೋಡುತ್ತಿದ್ದರು. "ನಮ್ಮ ತೂಬಿನ ಕಲ್ಲೂ ಹಿಂಗೇ ಇತ್ತು. ಗಾರೆ ಇಲ್ದೆ."

ಮೇಲೆ ಏನು ಬರೆದಿದೆ ಅಂತ ಕೇಳಿದರು. 'ಸರ್ಕಾರದ ಕೆಲಸ ದೇವರ ಕೆಲಸ' ಅಂತ ಓದಿ ಹೇಳಿದೆ.

"ಯಾವ ದೇವ್ರು?"

ನಾನು ನಕ್ಕೆ. ಅವರು ನಗಲಿಲ್ಲ. ನಮ್ಮೂರಲ್ಲಿ ದಿನಾ ದೀಪ ಹಚ್ಚುವ ದೇವರೂ ಇದೆ, ವರ್ಷಕ್ಕೊಂದು ಸಲ ಬಾಗಿಲು ತೆಗೆಯುವ ದೇವರೂ ಇದೆ. ಅವರು ಕೇಳಿದ್ದು ನಿಜವಾದ ಪ್ರಶ್ನೆಯೇ.

ಆ ದೊಡ್ಡ ಮೆಟ್ಟಿಲುಗಳ ಮೇಲೆ ನಮ್ಮನ್ನು ಬಿಡಲಿಲ್ಲ. ಜನರಿಗೆ ಬೇರೆ ಬಾಗಿಲು. ಫೋನು, ಬ್ಯಾಗು, ತಾತನ ಎಲೆಯಡಿಕೆ ಚೀಲ ಎಲ್ಲ ಹೊರಗೇ ಇಟ್ಟು ಹೋಗಬೇಕಾಯಿತು. ಚೀಲ ಕೊಡುವಾಗ ತಾತನಿಗೆ ತುಂಬಾ ಬೇಜಾರಾಯಿತು. ಗ್ಯಾಲರಿಯಲ್ಲಿ ಮಾತಾಡುವಂತಿಲ್ಲ, ಚಪ್ಪಾಳೆ ಹೊಡೆಯುವಂತಿಲ್ಲ, ಕಾಲ ಮೇಲೆ ಕಾಲು ಹಾಕಿದರೂ ಮಾರ್ಷಲ್ ಸನ್ನೆ ಮಾಡುತ್ತಾರೆ.

ಕೆಳಗೆ ಸದನ. ಒಟ್ಟು 224 ಸದಸ್ಯರ ಸಭೆ. ಟಿವಿಯಲ್ಲಿ ಗಲಾಟೆ ಮಾತ್ರ ನೋಡಿದ್ದ ನನಗೆ ಪ್ರಶ್ನೋತ್ತರ ಕಲಾಪ ಬೇರೆಯೇ ಥರ ಕಾಣಿಸಿತು. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿ ಎದ್ದು ನಿಂತು ಬಾಯಲ್ಲೇ ಉತ್ತರ ಕೊಡಬೇಕು, ಅದರ ಮೇಲೆ ಉಪಪ್ರಶ್ನೆ ಕೇಳಬಹುದು. ಚುಕ್ಕೆ ಗುರುತಿಲ್ಲದ್ದಕ್ಕೆ ಲಿಖಿತ ಉತ್ತರ. ಟಿವಿಯವರಿಗೆ ಬೇಡವಾದ ಪ್ರಶ್ನೆಗಳೇ ಜಾಸ್ತಿ. ಯಾವುದೋ ಊರಿನ ಸೇತುವೆ, ಇನ್ಯಾವುದೋ ಊರಿನ ಪಶು ಆಸ್ಪತ್ರೆಗೆ ಡಾಕ್ಟರಿಲ್ಲ, ಇಂಥವೇ.

ಮೆಂಬರಕ್ಕ ಹೆಂಗಸರನ್ನು ಎಣಿಸುತ್ತಿದ್ದರು. 2023ರಲ್ಲಿ ಗೆದ್ದು ಬಂದ ಮಹಿಳೆಯರು ಹತ್ತೇ ಜನ. "ನಮ್ಮ ಪಂಚಾಯ್ತೀಲಿ ಅರ್ಧಕ್ಕರ್ಧ ನಾವೇ ಇದೀವಿ" ಅಂತ ಪಿಸುಗುಟ್ಟಿದರು. ಮಾರ್ಷಲ್ ನೋಡಿದರು. ಆಮೇಲೆ ಹೊರಗೆ ಬಂದಾಗ ಅವರಿಗೆ ಕೆ. ಎಸ್. ನಾಗರತ್ನಮ್ಮನವರ ವಿಷಯ ಹೇಳಿದೆ. ಗುಂಡ್ಲುಪೇಟೆಯಿಂದ ಏಳು ಸಲ ಗೆದ್ದವರು, 1972ರಿಂದ 78ರವರೆಗೆ ಸ್ಪೀಕರ್ ಆಗಿದ್ದವರು, ರಾಜ್ಯದ ಮೊದಲ ಮಹಿಳಾ ಸ್ಪೀಕರ್. "ಒಂದೇ ಕ್ಷೇತ್ರದಿಂದ ಏಳು ಸಲನಾ?" ಅಂದರು ಅಕ್ಕ. ಸ್ಪೀಕರ್ ಆಗಿದ್ದಕ್ಕಿಂತ ಅದೇ ದೊಡ್ಡದಾಗಿ ಕಾಣಿಸಿತು ಅವರಿಗೆ. ಒಂದು ವಾರ್ಡಿನಲ್ಲಿ ಎರಡನೇ ಸಲ ಗೆಲ್ಲುವುದು ಎಷ್ಟು ಕಷ್ಟ ಅಂತ ಅವರಿಗೆ ಗೊತ್ತು.

ನಮ್ಮ ಪಾಸಿನ ಟೈಮು ಮುಗಿಯುವ ಹೊತ್ತಿಗೆ ನಮ್ಮ ಶಾಸಕರು ಎದ್ದು ನಿಂತರು. ತಾತ ನನ್ನ ಮಂಡಿ ಹಿಡಿದುಕೊಂಡರು. ಕೆರೆ ಅನ್ನುತ್ತಾರೆ ಅಂತ ನಾವು ಮೂವರೂ ಉಸಿರು ಬಿಗಿ ಹಿಡಿದಿದ್ದೆವು. ಅವರು ಕೇಳಿದ್ದು ಹಾಸ್ಟೆಲ್ ಬಗ್ಗೆ. ಕ್ಷೇತ್ರದ ಮೆಟ್ರಿಕ್ ನಂತರದ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಸೀಟು ಎಷ್ಟು, ಅರ್ಜಿ ಎಷ್ಟು, ಸೀಟು ಸಿಗದವರು ದಿನಾ ಎಷ್ಟು ದೂರ ಬಸ್ಸಿನಲ್ಲಿ ಓಡಾಡುತ್ತಾರೆ. ಅಂಕಿ ಒಂದೊಂದಾಗಿ ಇಟ್ಟರು. ಮಂತ್ರಿಗಳು ಪರಿಶೀಲಿಸಿ ಕ್ರಮ ತೆಗೆದುಕೊಳ್ಳುತ್ತೇನೆ ಅಂದರು. ಎರಡು ನಿಮಿಷದಲ್ಲಿ ಮುಗಿಯಿತು.

ಕರಪತ್ರದ ಮೂರನೇ ಅಂಶ. ನಮ್ಮದು ಒಂದನೆಯದು. ನನಗೆ ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ.

ಹೊರಗೆ ಚಹಾ ಕುಡಿಯುವಾಗ ಪಿಎಗೆ ಅದನ್ನೇ ಕೇಳಿದೆ. ಅವರು ಹೇಳಿದರು, ಆ ಪ್ರಶ್ನೆ ಹಾಕಿಸಿದ್ದು ಒಬ್ಬ ಡಿಗ್ರಿ ಹುಡುಗಿಯಂತೆ. ಎರಡು ತಿಂಗಳ ಹಿಂದೆ ಅದೇ ವರಾಂಡದಲ್ಲಿ ನಿಂತು ಒಂದೇ ಒಂದು ಹಾಳೆ ಕೊಟ್ಟು ಹೋದಳಂತೆ. ಹಾಳೆ ತುಂಬ ಲೆಕ್ಕ. ಯಾವ ಊರಿನಿಂದ ಎಷ್ಟು ಜನ, ಯಾವ ಬಸ್ಸು, ಎಷ್ಟು ಗಂಟೆಗೆ ಮನೆ ಬಿಡುತ್ತಾರೆ. "ದಯೆ, ಕೃಪೆ ಏನೂ ಬರ್ದಿರ್ಲಿಲ್ಲ ಸಾರ್. ಹಂಗೇ ಎತ್ತಿ ಪ್ರಶ್ನೆ ಮಾಡಿ ಕೊಟ್ವಿ."

ಮಂತ್ರಿ 'ಕ್ರಮ ತಗೋತೀನಿ' ಅಂದುಬಿಟ್ಟರೆ ಆಯಿತಾ, ಗಾಳಿ ಮಾತಲ್ವಾ ಅಂದೆ. ಇಲ್ಲ ಅಂದರು ಪಿಎ. ಸದನದಲ್ಲಿ ಮಂತ್ರಿ ಕೊಟ್ಟ ಮಾತನ್ನು ಹಿಂಬಾಲಿಸಲಿಕ್ಕೆ ಅಂತಲೇ ಸರ್ಕಾರಿ ಭರವಸೆಗಳ ಸಮಿತಿ ಇದೆ. ಶಾಸಕರೇ ಅದರ ಸದಸ್ಯರು. ಕೊಟ್ಟ ಮಾತು ಏನಾಯಿತು ಅಂತ ಇಲಾಖೆಯವರನ್ನು ಕರೆಸಿ ಕೇಳಬಹುದು. ಜನ ಸದನಕ್ಕೇ ಅರ್ಜಿ ಕೊಡಬಹುದು, ಅದನ್ನು ನೋಡಲಿಕ್ಕೆ ಅರ್ಜಿಗಳ ಸಮಿತಿ ಅಂತ ಇನ್ನೊಂದು. ಅರ್ಜಿ ಬರೆದೇ ಹೊಟ್ಟೆ ಹೊರೆಯುವ ನನಗೆ ಅರ್ಜಿಗೊಂದು ಸಮಿತಿ ಇದೆ ಅಂತ ಗೊತ್ತಾಗಿದ್ದು ಆವತ್ತು.

ಸಂಜೆ ನಾಲ್ಕಕ್ಕೆ ಅಕ್ಕನ ವಾಟ್ಸಾಪಿಗೆ ಫೋಟೊ ಬಂತು. ಹಳೇ ರಿಜಿಸ್ಟರಿನ ಪುಟ, ಅಂಚು ಗೆದ್ದಲು ತಿಂದಿತ್ತು. ಸರ್ವೆ ನಂಬರ್ 47. ಅಚ್ಚುಕಟ್ಟು 106 ಎಕರೆ 12 ಗುಂಟೆ. ಮೊಬೈಲಿನಲ್ಲೇ ಭಾಗಿಸಿದೆ. 43 ಹೆಕ್ಟೇರ್. ಅಂದರೆ ಕೆರೆ ಸಣ್ಣ ನೀರಾವರಿಗೆ ಸೇರಿದ್ದು. ನನ್ನ ಹನ್ನೊಂದು ಮನವಿಗಳಲ್ಲಿ ಒಂದೂ ಆ ವಿಳಾಸಕ್ಕೆ ಹೋಗಿರಲಿಲ್ಲ.

ತಾತನ ಐವತ್ತು ಖಂಡುಗಕ್ಕೆ ಎರಡೆರಡು ಎಕರೆ ಹಾಕಿದರೆ ನೂರು, ಮೇಲೆ ಚೂರು. ಆ ಚೂರು ಆರು ಎಕರೆ.

ಗುರುವಾರ

ಬೆಳಗ್ಗೆ ಬೇಗ ಎದ್ದು ಗೋಪಾಲಗೌಡ ವೃತ್ತದ ಕಡೆಯಿಂದ ಒಂದು ಸುತ್ತು ನಡೆದು ಬಂದೆವು. ವಿಧಾನಸೌಧದ ಪಕ್ಕದ ಆ ವೃತ್ತಕ್ಕೆ ಶಾಂತವೇರಿ ಗೋಪಾಲಗೌಡರ ಹೆಸರು. 1951ರಲ್ಲಿ ಸಾಗರದ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಮಾಡಿದಾಗ ಅವರ ಜೊತೆ ನಿಂತ ಸಮಾಜವಾದಿ, ಮರುವರ್ಷವೇ ಗೆದ್ದು ಸದನಕ್ಕೆ ಬಂದರು. ಉಳುವವನಿಗೇ ಭೂಮಿ ಅನ್ನುವ ಕಾನೂನು ದೇವರಾಜ ಅರಸರ ಕಾಲದಲ್ಲಿ, 1974ರಲ್ಲಿ ಜಾರಿಗೆ ಬಂತು. ಅಷ್ಟರಲ್ಲಿ ಗೋಪಾಲಗೌಡರು ತೀರಿಕೊಂಡು ಎರಡು ವರ್ಷವಾಗಿತ್ತು. ತಾತನ ಎರಡು ಎಕರೆ ಗದ್ದೆಯೂ ಆ ಕಾನೂನಿನಿಂದಲೇ ಬಂದದ್ದು. ಉಳುವ ಭೂಮಿ ತನ್ನ ಹೆಸರಿಗೆ ಕೊಡಿ ಅಂತ ಹಾಕುವ ಡಿಕ್ಲರೇಷನ್ ಅರ್ಜಿ ಬರೆದುಕೊಟ್ಟವರು ಯಾರು ಅಂತ ಕೇಳಿದೆ. "ಒಬ್ರು ಮೇಷ್ಟ್ರು. ದುಡ್ಡು ತಗೊಳ್ಲಿಲ್ಲ" ಅಂದರು. ನಾನು ಪುಟಕ್ಕೆ ಮೂವತ್ತು ರೂಪಾಯಿ ತೆಗೆದುಕೊಳ್ಳುತ್ತೇನೆ. ಮಾತು ಬದಲಾಯಿಸಿದೆ.

ಹೊಸ ಮನವಿಯನ್ನು ಒಂದು ಸೈಬರ್ ಅಂಗಡಿಯಲ್ಲಿ ಕೂತು ನಾನೇ ಟೈಪ್ ಮಾಡಿದೆ. ಕೆರೆ, ಸರ್ವೆ ನಂಬರ್, ಅಚ್ಚುಕಟ್ಟು, ಮೇಲಿನ ತೂಬಿನ ಪಾಲು, ಒಡೆದ ವರ್ಷ, ಎಷ್ಟು ತಿಂಗಳಿಗೆ ಕೆರೆ ಖಾಲಿ, ಎಷ್ಟು ಕುಟುಂಬ. ಎಂಟು ಸಾಲು. 'ತಮ್ಮ ದಯೆಗೆ ಚಿರಋಣಿಗಳು' ಅಂತ ಅಭ್ಯಾಸಬಲದಿಂದ ಬೆರಳು ಹೊಡೆದುಬಿಟ್ಟಿತು. ಅಳಿಸಿದೆ. ಅಂಗಡಿ ಹುಡುಗ ಪ್ರಿಂಟಿಗೆ ಹತ್ತು ರೂಪಾಯಿ ಅಂದ. ಜಾಸ್ತಿ ಅಂತ ಜಗಳ ಆಡಿದೆ, ಅವನು ಕಮ್ಮಿ ಮಾಡಲಿಲ್ಲ.

ಶಾಸಕರ ವರಾಂಡದಲ್ಲಿ ಇವತ್ತೂ ಅದೇ ಗುಂಪು, ಮುಖಗಳು ಬೇರೆ. ಅವರು ಹಾಳೆ ಓದಿದರು. '106 ಎಕರೆ 12 ಗುಂಟೆ' ಅನ್ನುವ ಕಡೆ ಬೆರಳಿಟ್ಟು ತಾತನ ಮುಖ ನೋಡಿದರು. "ಯಜಮಾನ್ರೇ, ನಿಮ್ಮ ಖಂಡುಗ ಗೆದ್ದಿತು." ತಮ್ಮ ಲೆಟರ್ ಹೆಡ್ಡಿನಲ್ಲಿ ಒಂದು ಪತ್ರ ಬರೆಸಿ ಸಹಿ ಹಾಕಿದರು. ಮುಂದಿನ ಅಧಿವೇಶನಕ್ಕೆ ಕ್ಷೇತ್ರದ ಎಲ್ಲ ಕೆರೆಗಳ ತೂಬಿನ ಸ್ಥಿತಿ ಬಗ್ಗೆ ಪ್ರಶ್ನೆ ಹಾಕುತ್ತೇನೆ, ಅದಕ್ಕೆ ಒಂದೊಂದು ಕೆರೆಗೂ ಇಂಥ ಎಂಟು ಸಾಲು ಬೇಕು ಅಂದರು. ಅಂದವರು ನನ್ನ ಕಡೆ ನೋಡಿದರು. "ನೀವೇ ಅಲ್ವಾ ಜೆರಾಕ್ಸ್ ಅಂಗಡಿಯವರು? ನಿಮ್ಮ ಹೋಬಳಿ ಕೆರೆಗಳದ್ದು ನೀವೇ ಮಾಡ್ಕೊಡಿ." ದುಡ್ಡಿನ ಮಾತು ಯಾರೂ ಎತ್ತಲಿಲ್ಲ. ಹೂಂ ಅಂದೆ. ನಮ್ಮ ಹೋಬಳಿಯಲ್ಲಿ ಕೆರೆ ಎಷ್ಟಿವೆ ಅಂತ ಆಮೇಲೆ ಮೆಂಬರಕ್ಕ ಬೆರಳು ಮಡಿಚಿ ಎಣಿಸತೊಡಗಿದಾಗ, ಹತ್ತು ಬೆರಳು ಸಾಲದೆ ಹೋಯಿತು.

ಆಮೇಲೆ ಕಚೇರಿ, ಟಪಾಲು ಕೌಂಟರ್, ಸೀಲು, ನಂಬರು. ಅರ್ಧ ಗಂಟೆಯ ಕೆಲಸ. ನಂಬರನ್ನು ಕರಪತ್ರದ ಹಿಂದೆ ಬರೆದುಕೊಂಡೆ. ಈಗ ಅದರ ಮುಂಭಾಗದಲ್ಲಿ ಅವರ ಆದ್ಯತೆ, ಹಿಂಭಾಗದಲ್ಲಿ ನಮ್ಮ ಟಪಾಲು ನಂಬರು. ಫೈಲು ಈಗ ಪ್ಲಾಸ್ಟಿಕ್ ಕವರಿನಲ್ಲಿದೆ.

ಮೆಜೆಸ್ಟಿಕ್‌ಗೆ ವಾಪಸ್ ಬಂದಾಗ ತಾತ ಬಸ್ ಹತ್ತುವ ಮುಂಚೆ ಇನ್ನೊಂದು ಸಲ ನಿಂತು ನೋಡಿದರು. ಮೂರು ದಿನ ಅದನ್ನೇ ತಲೆಯಲ್ಲಿ ಇಟ್ಟುಕೊಂಡಿದ್ದರು ಅಂತ ಕಾಣುತ್ತೆ. ಕೈ ಚಾಚಿ ಒಂದು ಕಡೆ ತೋರಿಸಿದರು. "ಅಲ್ಲಿರಬೇಕು ತೂಬು. ನೀರು ಆ ಕಡೆ ಇಳಿಯುತ್ತೆ." ಅಲ್ಲಿ ಒಂದು ಜ್ಯೂಸ್ ಅಂಗಡಿ ಇತ್ತು.

ನೆಲಮಂಗಲ ಟೋಲ್ ಹತ್ತಿರ ಫೋನ್ ಬಂತು. ಪಿಎ.

"ಸಾರ್, ಮನವೀಲಿ ಸರ್ವೆ ನಂಬರ್ 47 ಅಂತಿದೆ. ಜೊತೆಗಿಟ್ಟಿರೋ ನಡಾವಳಿ ನಕಲಲ್ಲಿ 41 ಇದ್ದಂಗೆ ಕಾಣುತ್ತೆ. ಗೆರೆ ಬಿದ್ದಿದೆ, ಸರಿಯಾಗಿ ಕಾಣ್ತಿಲ್ಲ. ಎರಡೂ ಒಂದೇ ಕೆರೇನಾ?"

"ಒಂದೇ ಸಾರ್. 47."

"ಹಂಗಾದ್ರೆ ಗೆರೆ ಇಲ್ದಿರೋ ಕಾಪಿ ಒಂದು ಕಳಿಸಿಬಿಡಿ. ಇಲ್ಲಾಂದ್ರೆ ಇದಕ್ಕೇ ವಾಪಸ್ ಬರುತ್ತೆ."

ಮೆಂಬರಕ್ಕ ನನ್ನ ಕಡೆಯೇ ನೋಡುತ್ತಿದ್ದರು. ಬೇರೆ ಅಂಗಡಿಯಲ್ಲಿ ಮಾಡಿಸಿ ಕಳಿಸುತ್ತೇನೆ ಅಂದೆ.